ವರದಿ ‘ಇಲ್ಲ’ವೆಂದರೂ ಬಿಡದ ಭಯ

ಜ್ವರ ಬಂದವನು ಮನೆಯವರಿಗೆ ಹೇಳುತ್ತಾನೆ. ಹಲ್ಲು ನೋಯುವವನು ಬೀದಿಯವರಿಗೆಲ್ಲ ಹೇಳುತ್ತಾನೆ. ಲೈಂಗಿಕ ಸಂಪರ್ಕದಿಂದ ಅಂಟುವ ರೋಗದ ಶಂಕೆ ಹುಟ್ಟಿದವನು ಮಾತ್ರ ಯಾರಲ್ಲಿಯೂ ಬಾಯಿ ಬಿಡಲಾರ. ಹೇಗೋ ಧೈರ್ಯ ತಂದುಕೊಂಡು ರಕ್ತಪರೀಕ್ಷೆ ಮಾಡಿಸುತ್ತಾನೆ. ರೋಗವಿಲ್ಲವೆಂಬ ವರದಿ ಬರುತ್ತದೆ. ಒಂದೆರಡು ದಿನ ನೆಮ್ಮದಿ. ಮೂರನೆಯ ದಿನ ಮತ್ತೆ ಸಂದೇಹ: ರಕ್ತದ ಸೀಸೆ ಅದಲು ಬದಲಾಗಿದ್ದರೆ? ಮತ್ತೊಂದು ಪರೀಕ್ಷೆ, ಮತ್ತದೇ ವರದಿ, ಮತ್ತದೇ ಭಯ. ಇಂತಹ ತರುಣ ತರುಣಿಯರು ವಿರಳರಲ್ಲ. ಈ ಭಯದ ಮೂಲವೇನು, ಅದರಿಂದ ಬಿಡುಗಡೆ ಹೇಗೆ ಎಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಈ ಭಯ ಹೊಸದೇನೂ ಅಲ್ಲ. 19ನೆಯ ಶತಮಾನದ ಯೂರೋಪಿನ ವೈದ್ಯರು ಇದಕ್ಕೆ ‘ಸಿಫಿಲೋಫೋಬಿಯ’ ಎಂದರೆ ಸಿಫಿಲಿಸ್ ಭೀತಿ ಎಂದು ಹೆಸರಿಟ್ಟಿದ್ದರು. ಆ ರೋಗದ ಜೀವಾಣುವನ್ನು ಷೌಡಿನ್ ಮತ್ತು ಹಾಫ್‌ಮನ್ ಎಂಬವರು 1905ರಲ್ಲಿ ಕಂಡುಹಿಡಿದರು. ಮರುವರ್ಷವೇ ಜರ್ಮನಿಯ ವಾಸರ್ಮನ್ ಮತ್ತು ಅವರ ಸಂಗಡಿಗರು ಅದಕ್ಕೊಂದು ರಕ್ತಪರೀಕ್ಷೆಯನ್ನು ರೂಪಿಸಿದರು. ಅದು ಮಲೇರಿಯ, ಕುಷ್ಠ ಮೊದಲಾದ ಬೇರೆ ರೋಗಗಳುಳ್ಳವರಲ್ಲಿಯೂ ಕೆಲವೊಮ್ಮೆ ಸಿಫಿಲಿಸ್ ಇದೆಯೆಂದು ತೋರಿಸುತ್ತಿತ್ತು. ಆದುದರಿಂದ ಆಗಿನವರ ಸಂದೇಹಕ್ಕೆ ಸ್ವಲ್ಪ ಆಧಾರವಿದ್ದಿತು. ಈಗಿನ ಸ್ಥಿತಿ ಬೇರೆ. ಒಂದು ಪರೀಕ್ಷೆಯ ಫಲವನ್ನು ಬೇರೊಂದು ವಿಧಾನದ ಪರೀಕ್ಷೆಯಿಂದ ತಾಳೆ ನೋಡುವ ಕ್ರಮ ಬಂದಿದೆ. 1985ರಲ್ಲಿ ಬಳಕೆಗೆ ಬಂದ ಎಚ್.ಐ.ವಿ. ಪರೀಕ್ಷೆಯೂ ಅಲ್ಲಿಂದೀಚೆಗೆ ಬಹಳ ಸುಧಾರಿಸಿದೆ.

ಹಾಗಾದರೆ ‘ಇಲ್ಲ’ವೆಂಬ ವರದಿಯನ್ನು ಯಾವಾಗ ನಂಬಬೇಕು? ಇಲ್ಲಿ ಕಾಲಕ್ಕೆ ಬಹಳ ಬೆಲೆಯುಂಟು. ರೋಗಾಣು ಒಳಹೊಕ್ಕ ಮರುದಿನವೇ ರಕ್ತದಲ್ಲಿ ಅದರ ಗುರುತು ಸಿಕ್ಕುವುದಿಲ್ಲ. ಶರೀರವು ಅದನ್ನು ಎದುರಿಸಲು ಪ್ರತಿಕಾಯಗಳೆಂಬ ವಸ್ತುಗಳನ್ನು ತಯಾರಿಸಬೇಕು. ಅದಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಎಚ್.ಐ.ವಿ.ಯ ವಿಷಯದಲ್ಲಿ, ಪ್ರತಿಕಾಯಗಳ ಜೊತೆಗೆ ವೈರಸ್ಸಿನ ಪ್ರೋಟೀನನ್ನೂ ಹುಡುಕುವ ಪ್ರಯೋಗಶಾಲೆಯ ಪರೀಕ್ಷೆಯನ್ನು ಸಂಪರ್ಕವಾಗಿ 45 ದಿನಗಳಾದ ಮೇಲೆ ನಂಬಬಹುದು. ಪ್ರತಿಕಾಯಗಳನ್ನು ಮಾತ್ರ ಹುಡುಕುವ ಶೀಘ್ರಪರೀಕ್ಷೆಗೆ 90 ದಿನಗಳು ಕಳೆದಿರಬೇಕು. ಸಿಫಿಲಿಸ್‌ನ ಮೊದಲ ಹುಣ್ಣು 10ರಿಂದ 90 ದಿನಗಳೊಳಗೆ ಯಾವಾಗಲಾದರೂ ಕಾಣಿಸಿಕೊಳ್ಳಬಹುದಾದುದರಿಂದ ಅಲ್ಲಿಯೂ ಮೂರು ತಿಂಗಳ ಕೊನೆಯ ಪರೀಕ್ಷೆಗೆ ಮಹತ್ವವಿದೆ. ಈ ಅವಧಿಗೆ ಮೊದಲು ಮತ್ತೊಮ್ಮೆ ಪರೀಕ್ಷೆ ಬೇಕೆನ್ನುವುದು ಎಚ್ಚರಿಕೆ. ಅವಧಿ ಮುಗಿದು, ಹೊಸ ಸಂಪರ್ಕವಾಗಲಿ ಹೊಸ ಲಕ್ಷಣವಾಗಲಿ ಇಲ್ಲದೆ, ವೈದ್ಯರು ಸಾಕೆಂದ ಮೇಲೂ ಬೇಕೆನ್ನುವುದು ಭಯ.

ಒಂದು ಸಣ್ಣ ಲೆಕ್ಕದಿಂದ ಇದನ್ನು ತಿಳಿಯಬಹುದು. ಒಬ್ಬನಿಗೆ ಸೋಂಕು ತಗಲಿರುವ ಸಂಭವ ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಸಕಾಲದಲ್ಲಿ ಮಾಡಿದ ಪರೀಕ್ಷೆ ಸಾವಿರ ಸೋಂಕುಗಳಲ್ಲಿ ಒಂದನ್ನು ತಪ್ಪಿಸಿಕೊಳ್ಳಲು ಬಿಡುತ್ತದೆ ಎಂದೂ ಭಾವಿಸೋಣ. ಆಗ ವರದಿ ‘ಇಲ್ಲ’ವೆಂದ ಮೇಲೆ ಸೋಂಕು ಉಳಿದಿರುವ ಸಂಭವ ಸುಮಾರು ಹತ್ತು ಲಕ್ಷಕ್ಕೆ ಒಂದು. ಅದು ಪೂರ್ಣ ಸೊನ್ನೆಯಲ್ಲ, ನಿಜ. ಆದರೆ ಪೂರ್ಣ ಸೊನ್ನೆಯನ್ನು ಯಾವ ವಿಜ್ಞಾನವೂ ಕೊಡಲಾರದು. ಭೀತಿಗೊಂಡ ಮನಸ್ಸು ಕೇಳುವುದು ಆ ಸೊನ್ನೆಯನ್ನೇ!

ಇದರ ಮೇಲೆ ಶರೀರವೂ ಸುಳ್ಳುಸಾಕ್ಷಿ ಹೇಳುತ್ತದೆ. ಭಯಗೊಂಡಾಗ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ಎದೆ ಬಡಿದುಕೊಳ್ಳುತ್ತದೆ, ಮೈ ಬೆವರುತ್ತದೆ. ಭಯ ಮುಂದುವರಿದರೆ ಹೊಟ್ಟೆ ಕೆಡುತ್ತದೆ, ನಿದ್ರೆ ಹಾರಿ ಆಯಾಸ ಬರುತ್ತದೆ. ಇವನ್ನೇ ರೋಗಲಕ್ಷಣಗಳ ಪಟ್ಟಿಯಲ್ಲಿ ಓದಿದವನು ತನ್ನ ಶಂಕೆ ದೃಢಪಟ್ಟಿತೆಂದು ನಡುಗುತ್ತಾನೆ. ಕುತ್ತಿಗೆಯಲ್ಲಿ ಗಂಟು ಎದ್ದಿದೆಯೇ ಎಂದು ದಿನಕ್ಕೆ ಹತ್ತಾರು ಸಲ ಒತ್ತಿ ನೋಡಿದರೆ ಆ ಜಾಗ ನೋಯದೆ ಇದ್ದೀತೆ?

ಮತ್ತೆ ಮತ್ತೆ ಪರೀಕ್ಷಿಸಿದರೂ ಭಯ ಹೋಗದಿರಲು ಕಾರಣವೇನು? ಸಾಲ್ಕೋವ್‌ಸ್ಕಿಸ್ ಮತ್ತು ವಾರ್ವಿಕ್ ಎಂಬ ಮನೋವಿಜ್ಞಾನಿಗಳು 1986ರಲ್ಲಿ ಇದನ್ನು ವಿವರಿಸಿದರು. ಪ್ರತಿಯೊಂದು ಭರವಸೆಯೂ ಕಳವಳವನ್ನು ಸ್ವಲ್ಪ ಕಾಲ ಇಳಿಸುತ್ತದೆ. ಹೀಗೆ ಇಳಿದುದರಿಂದಲೇ ಮನಸ್ಸು ‘ಕಳವಳವಾದಾಗ ಭರವಸೆ ಕೇಳಬೇಕು’ ಎಂಬ ಪಾಠವನ್ನು ಕಲಿಯುತ್ತದೆ. ತುರಿಯನ್ನು ಕೆರೆದಂತೆ, ಆ ಕ್ಷಣಕ್ಕೆ ಹಿತ, ಆಮೇಲೆ ಉರಿ ಹೆಚ್ಚು. ಇನ್ನು ಕೆಲವರಲ್ಲಿ ಭಯದ ಅಡಿಯಲ್ಲಿ ತಪ್ಪು ಮಾಡಿದೆನೆಂಬ ಅಳುಕು ಅಡಗಿರುತ್ತದೆ. ರೋಗವನ್ನು ಅವರು ಶಿಕ್ಷೆಯೆಂದು ಎದುರುನೋಡುತ್ತಿರುತ್ತಾರೆ. ಆದರೆ ರೋಗಾಣುವಿಗೆ ಪಾಪ ಪುಣ್ಯಗಳ ಲೆಕ್ಕ ತಿಳಿಯದು. ರಕ್ತಪರೀಕ್ಷೆ ಅಳುಕನ್ನು ಅಳೆಯಲಾರದು.

ಆದುದರಿಂದ ಬಿಡುಗಡೆಯ ದಾರಿ ಇನ್ನೊಂದು ಪರೀಕ್ಷೆಯಲ್ಲಿಲ್ಲ. ಮೊದಲು, ಯಾವ ಪರೀಕ್ಷೆ, ಯಾವ ದಿನ, ಅದೇ ಕೊನೆಯದೇ ಎಂಬುದನ್ನು ಒಬ್ಬ ವೈದ್ಯರಲ್ಲಿ ಕೇಳಿ ನಿಶ್ಚಯಿಸಿಕೊಳ್ಳಬೇಕು. ಆ ವರದಿ ಬಂದ ಮೇಲೆ ಲಕ್ಷಣಗಳನ್ನು ಹುಡುಕಿ ಓದುವುದನ್ನೂ ಮೈಯನ್ನು ತಡವಿ ನೋಡುವುದನ್ನೂ ಬಿಡಬೇಕು. ಸಂದೇಹ ಎದ್ದಾಗ ಕೂಡಲೆ ಉತ್ತರ ಹುಡುಕದೆ, ಅರ್ಧ ಗಂಟೆ ತಾಳಿ, ಕೈಯಲ್ಲಿದ್ದ ಕೆಲಸವನ್ನು ಮುಂದುವರಿಸಬೇಕು. ನಾಳೆ ಆ ಅವಧಿಯನ್ನು ಇನ್ನಷ್ಟು ಹಿಗ್ಗಿಸಬೇಕು. ಎದ್ದ ಕಳವಳ ತಾನಾಗಿಯೇ ಇಳಿಯುತ್ತದೆಂಬುದನ್ನು ಮನಸ್ಸು ಹೀಗೆ ಅನುಭವದಿಂದ ಕಲಿಯುತ್ತದೆ. ಮನೋವೈದ್ಯರ ನೆರವಿನಿಂದ ನಡೆಯುವ ಚಿಕಿತ್ಸೆಯ ತತ್ತ್ವವೂ ಇದೇ. ಓದು, ಊಟ, ನಿದ್ರೆಗಳು ವಾರಗಟ್ಟಲೆ ಕೆಟ್ಟಿದ್ದರೆ ಆ ನೆರವನ್ನು ಪಡೆಯಲು ಹಿಂಜರಿಯಬಾರದು. ಟೆಲಿ ಮಾನಸ್ ಎಂಬ ಸರಕಾರದ ಸೇವೆ 14416 ಸಂಖ್ಯೆಯಲ್ಲಿ ದೊರೆಯುತ್ತದೆ, ಎಚ್.ಐ.ವಿ. ಕುರಿತ ಪ್ರಶ್ನೆಗಳಿಗೆ 1097 ಇದೆ. ಎರಡೂ ಉಚಿತ. ಪರೀಕ್ಷೆಯ ಫಲವನ್ನು ಗುಟ್ಟಾಗಿಡಬೇಕೆಂದು 2017ರ ಎಚ್.ಐ.ವಿ. ಕಾಯಿದೆಯೇ ವಿಧಿಸಿದೆ.

ಕೊನೆಯದಾಗಿ ಒಂದು ಮಾತು. ವರದಿ ‘ಇದೆ’ ಎಂದಿದ್ದರೂ ಬಾಳು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸಿಫಿಲಿಸ್ ಪೆನಿಸಿಲಿನ್‌ನಿಂದ ವಾಸಿಯಾಗುತ್ತದೆ. ಎಚ್.ಐ.ವಿ. ಸೋಂಕುಳ್ಳವರು ತಪ್ಪದೆ ಔಷಧಿ ಸೇವಿಸಿದರೆ ದೀರ್ಘಕಾಲ ಆರೋಗ್ಯದಿಂದ ಬಾಳಬಹುದು. ಇರುವ ರೋಗಕ್ಕೇ ಇಷ್ಟು ಉಪಾಯಗಳಿರುವಾಗ, ಇಲ್ಲದ ರೋಗಕ್ಕಾಗಿ ಎಳೆಯ ವಯಸ್ಸಿನ ವರ್ಷಗಳನ್ನು ತೆರುವುದೇಕೆ?