ಹೊಲದ ಫೋಟೋ ಎಲ್ಲಿಟ್ಟೀರಿ?

2025ರ ಮುಂಗಾರಿನಾಗ ರಾಯಾಪುರದ ನಮ್ಮ ಎರೆಹೊಲದ ಹೆಸರು ಮಳೆಗೆ ಸಿಕ್ಕು ಕಾಯಿಯಲ್ಲೇ ಮೊಳೆಯಿತು. ಫೋಟೋ ತೆಗೆದು, 72 ತಾಸಿನೊಳಗೆ ವಿಮೆಗೂ ತಿಳಿಸಿದೆ. ನೋಡಲು ಬಂದವರು ಫೋಟೋ ಕೇಳಿದಾಗ ಹೊಲ ಹರಗಿ ಆಗಿತ್ತು. ಫೋನಿನಲ್ಲಿ ಜಾಗವಿಲ್ಲವೆಂದು ಮೂಲ ಫೋಟೋ ನಾನೇ ಅಳಿಸಿದ್ದೆ! ಮಗನಿಗೆ ವಾಟ್ಸಾಪಿನಲ್ಲಿ ಕಳಿಸಿದ ನಕಲು ಸಿಕ್ಕಿತು. ಅದರಲ್ಲಿ ತೆಗೆದ ದಿನ, ಜಾಗದ ಗುರುತು ಉಳಿಯುವುದಿಲ್ಲ.

ಆಮೇಲೆ ತಂತ್ರಾಂಶ ಹುಡುಕಿದೆವು. ಪಿಕಾಸಾ 2016ರಲ್ಲೇ ನಿಂತಿದೆ. ಗೂಗಲ್ ಫೋಟೋಸ್ ಸುಲಭ ಖರೆ, ಆದರೆ 2021ರ ಜೂನಿನಿಂದ 15 ಜಿಬಿ ತುಂಬಿದರೆ ರೊಕ್ಕ. ಕೊನೆಗೆ ಮಗನ ಕಂಪ್ಯೂಟರಿಗೆ ಪುಕ್ಕಟೆಯ ಡಿಜಿಕ್ಯಾಮ್ ಹಾಕಿಕೊಂಡೆವು. ಫೋಟೋ ಹುಡುಕಲು ನೆಟ್ ಬೇಡ. ಸರ್ವೆ ನಂಬರಿಗೊಂದು ಫೋಲ್ಡರು, ಬೆಳೆಯ ಹೆಸರಿನ ಚೀಟಿ. ಏಳನೇತ್ತೆ ಕಲಿತ ನನಗೆ ವಾರ ಹಿಡಿಯಿತು. ಬೆಳಕು ತಿದ್ದುವುದು ನಕಲಿನಲ್ಲಿ ಮಾತ್ರ. ಮೂಲಕ್ಕೆ ಕೈ ಹಚ್ಚಬೇಡಿ. ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇರಲಿ. ನಾನು ಕಡಲೆ ಬಿತ್ತಿದ ದಿನದಿಂದಲೇ ಶುರು ಮಾಡಿದ್ದೇನೆ.