ದಿನದ ಬದುಕಿನ ವಿಡಿಯೊಗಳು ಮತ್ತು ಇಂಗ್ಲಿಷ್ ಕಲಿಕೆ

ಅಡುಗೆ, ಸಂತೆ, ವ್ಯಾಯಾಮ, ನಿದ್ದೆ, ಊಟದ ಕ್ರಮ ಮೊದಲಾದ ಸಂಗತಿಗಳನ್ನು ಸರಳ ಇಂಗ್ಲಿಷಿನಲ್ಲಿ ತೋರಿಸುವ ವಿಡಿಯೊಗಳು ಮೊಬೈಲಿನಲ್ಲಿ ಹೇರಳವಾಗಿ ಸಿಗುವುದರಿಂದ, ಪರದೆ ನೋಡಿ ಕಲಿಯುವುದು ಈಚಿನ ರೂಢಿಯೆಂದು ಅನ್ನಿಸುವುದು ಸಹಜವಾದರೂ, ಸೇಡಂ, ಚಿತ್ತಾಪುರ, ಚಿಂಚೋಳಿಗಳನ್ನು ಒಳಗೊಂಡ ಕಲಬುರಗಿ ಜಿಲ್ಲೆಯ ಮಟ್ಟಿಗೆ ಅದಕ್ಕೆ ಅರ್ಧ ಶತಮಾನದ ಹಿನ್ನೆಲೆಯಿದೆ. ಉಪಗ್ರಹದಿಂದ ನೇರವಾಗಿ ಹಳ್ಳಿಯ ಟಿವಿಗೆ ಬೋಧನೆಯ ಕಾರ್ಯಕ್ರಮಗಳನ್ನು ಮುಟ್ಟಿಸುವ ‘ಸೈಟ್’ ಎಂಬ ಪ್ರಯೋಗವನ್ನು ಇಸ್ರೊ ಸಂಸ್ಥೆಯು ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಸಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕೆ ಆರಿಸಿಕೊಂಡಾಗ, ಕರ್ನಾಟಕದಿಂದ ಸೇರಿದ್ದು ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ವಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ವಿಜ್ಞಾನ, ಸಂಜೆ ಊರವರಿಗೆ ಒಕ್ಕಲುತನ ಮತ್ತು ಆರೋಗ್ಯ ಎಂಬಂತೆ ಕಾರ್ಯಕ್ರಮಗಳು ಬಿತ್ತರವಾಗುತ್ತಿದ್ದವು. ಈ ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ನೆಲೆಗೊಂಡಿತು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.

ಆ ಪ್ರಯೋಗ ಇಂಗ್ಲಿಷ್ ಕಲಿಸಲು ಹೊರಟದ್ದಲ್ಲ, ಇಲ್ಲಿ ಅದರ ಮುಖ್ಯ ಭಾಷೆ ಕನ್ನಡವಾಗಿತ್ತು. ಆದರೂ ಅದರಲ್ಲಿದ್ದ ಎರಡು ಗುಣಗಳು ಇಂದಿನ ಭಾಷಾ ಕಲಿಕೆಗೆ ನೇರವಾಗಿ ಸಂಬಂಧಿಸುತ್ತವೆ: ಪರದೆಯ ಮೇಲೆ ಬರುತ್ತಿದ್ದ ವಿಷಯ ನೋಡುವವರ ಬದುಕಿಗೆ ಹತ್ತಿರದ್ದಾಗಿತ್ತು, ಮತ್ತು ಟಿವಿ ಊರಿಗೆಲ್ಲ ಒಂದೇ ಆಗಿದ್ದುದರಿಂದ ಜನ ಅದನ್ನು ಒಟ್ಟಿಗೆ ಕುಳಿತು ನೋಡುತ್ತಿದ್ದರು. ಇಂದಿನ ಮೊಬೈಲು ಮೊದಲನೆಯ ಗುಣವನ್ನು ಅರೆಬರೆಯಾಗಿ ಉಳಿಸಿಕೊಂಡು ಎರಡನೆಯದನ್ನು ಬಹುಮಟ್ಟಿಗೆ ಕಳೆದುಕೊಂಡಿದೆ.

ವಿಷಯದ ಸಾಮೀಪ್ಯಕ್ಕೆ ಭಾಷಾಶಾಸ್ತ್ರದಲ್ಲಿ ಆಧಾರವಿದೆ. ಅಮೆರಿಕದ ವಿದ್ವಾಂಸ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ಮಂಡಿಸಿದ ವಾದದಂತೆ, ಭಾಷೆ ಮೈಗೂಡುವುದು ವ್ಯಾಕರಣದ ಸೂತ್ರಗಳಿಂದಲ್ಲ, ಕಲಿಯುವವನ ಮಟ್ಟಕ್ಕಿಂತ ತುಸುವೇ ಮೇಲಿರುವ, ಆದರೆ ಸಂದರ್ಭದಿಂದ ತಿಳಿಯಬಲ್ಲ ನುಡಿಯನ್ನು ಹೇರಳವಾಗಿ ಕೇಳುವುದರಿಂದ. ಹಿಟ್ಟು ನಾದುವುದನ್ನು, ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ನೋಡುತ್ತಿರುವವರಿಗೆ ಮುಂದೇನಾಗುವುದೆಂದು ಮೊದಲೇ ಗೊತ್ತಿರುವುದರಿಂದ, ಅವರ ಗಮನವೆಲ್ಲ ಮಾತಿನ ಮೇಲೆಯೇ ನಿಲ್ಲಬಲ್ಲದು.

ವ್ಯಾಯಾಮ ಮತ್ತು ಯೋಗದ ವಿಡಿಯೊಗಳಿಗೆ ಇದಕ್ಕೂ ಮಿಗಿಲಾದ ಅನುಕೂಲವೊಂದಿದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಷರ್ 1960ರ ದಶಕದಲ್ಲಿ ‘ಟೋಟಲ್ ಫಿಸಿಕಲ್ ರೆಸ್ಪಾನ್ಸ್’ ಎಂಬ ಪದ್ಧತಿಯನ್ನು ರೂಪಿಸಿದರು. ಕಲಿಸುವವರು ಹೊಸ ಭಾಷೆಯಲ್ಲಿ ಆಜ್ಞೆಗಳನ್ನು ಕೊಡುತ್ತಾ ಹೋಗುವುದು, ಕಲಿಯುವವರು ಬಾಯಿ ತೆರೆಯದೆ ಮೈಯಿಂದಲೇ ಉತ್ತರಿಸುವುದು, ಮಾತು ತಾನಾಗಿ ಬರುವವರೆಗೆ ಒತ್ತಾಯಿಸದಿರುವುದು ಅದರ ಕ್ರಮ. ‘ಬ್ರೀದ್ ಇನ್’, ‘ರೇಜ್ ಯುವರ್ ಆರ್ಮ್ಸ್’, ‘ಬೆಂಡ್ ಯುವರ್ ನೀಸ್’ ಎಂದು ಹೇಳಿ ಮಾಡಿಸುವ ಯೋಗದ ವಿಡಿಯೊ, ಆಷರ್ ಅವರ ಹೆಸರನ್ನೇ ಕೇಳದವರು ತಯಾರಿಸಿದ್ದರೂ, ಇದೇ ಪದ್ಧತಿಯಲ್ಲಿ ನಡೆಯುತ್ತದೆ. ಆಜ್ಞಾರ್ಥದ ವಾಕ್ಯಗಳಲ್ಲಿ ಕಾಲಸೂಚಕಗಳ ತೊಡಕಿಲ್ಲ, ಅಂಗಾಂಗಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ, ತಪ್ಪಿದರೆ ಯಾರ ಮುಂದೆಯೂ ನಾಚಬೇಕಾಗಿಲ್ಲ. ವ್ಯಾಕರಣದ ಪುಸ್ತಕ ಹಿಡಿದು ಮೂರನೆಯ ಪುಟಕ್ಕೇ ಬೇಸತ್ತವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

ಆರೋಗ್ಯದ ವಿಡಿಯೊಗಳಿಂದ ಇನ್ನೊಂದು ಪ್ರಯೋಜನವಿದೆ, ಅದು ವಾಕ್ಯರಚನೆಗೆ ಸೇರಿದ್ದು. ಹಸಿವು, ಚಳಿ, ನೋವು, ಜ್ವರಗಳನ್ನು ಹೇಳುವಾಗ ಕನ್ನಡದಲ್ಲಿ ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾರೆ: ನನಗೆ ಜ್ವರ ಬಂದಿದೆ, ಅವನಿಗೆ ಚಳಿಯಾಗುತ್ತಿದೆ. ಉರ್ದು, ತೆಲುಗು, ಮರಾಠಿಗಳಲ್ಲಿಯೂ ರೂಢಿ ಬಹುಪಾಲು ಹೀಗೆಯೇ. ಇಂಗ್ಲಿಷಿನಲ್ಲಾದರೋ ಅನುಭವಿಸುವವರೇ ಕರ್ತೃವಾಗಿ ನಿಂತು ಜ್ವರವನ್ನು ‘ಹೊಂದಿರುತ್ತಾರೆ’, ಚಳಿಯನ್ನು ‘ಅನುಭವಿಸುತ್ತಾರೆ’. ಪದಗಳನ್ನು ಒಂದೊಂದಾಗಿ ಕಲಿತವರು ಇಲ್ಲಿ ಎಡವುತ್ತಾರೆ. ರೋಗಿಯೊಬ್ಬ ವೈದ್ಯರ ಮುಂದೆ ಕುಳಿತು ‘ಐ ಹ್ಯಾವ್ ಎ ಫೀವರ್’ ಎನ್ನುವುದನ್ನು ಹತ್ತಾರು ಬಾರಿ ಕೇಳಿದವರಿಗೆ ಇಡೀ ವಾಕ್ಯದ ಅಚ್ಚೇ ನೆನಪಿನಲ್ಲಿ ಉಳಿದು, ಪದಗಳನ್ನು ಜೋಡಿಸುವ ಕೆಲಸ ತಪ್ಪುತ್ತದೆ.

ಈ ಸೀಮೆಯ ಜನರಿಗೆ ಮತ್ತೊಂದು ಭಾಷೆ ಭಾರವೆಂದು ಭಾವಿಸಲು ಕಾರಣವಿಲ್ಲ. ಸೇಡಂ, ಚಿಂಚೋಳಿಗಳ ಪೂರ್ವಕ್ಕೆ ತೆಲುಗು ನಾಡು ತಗುಲಿಕೊಂಡಿದೆ. ನಿಜಾಮರ ಆಳ್ವಿಕೆಯ ಕಾಲದಿಂದ ಉರ್ದು ಬೇರೂರಿದೆ. ತಾಂಡಾಗಳಲ್ಲಿ ಲಂಬಾಣಿ ಮನೆಮಾತು. 1874ರಲ್ಲಿ ಸಿಕಂದರಾಬಾದಿನ ರೈಲುಮಾರ್ಗ ಕೂಡಿಕೊಂಡು ಜಂಕ್ಷನ್ ಆದ ವಾಡಿಯಲ್ಲಿ, ಫರ್ಶಿ ಕಲ್ಲಿಗೆ ಹೆಸರಾದ ಶಹಾಬಾದಿನಲ್ಲಿ, ಸಿಮೆಂಟು ಕಾರ್ಖಾನೆಗಳ ಸುತ್ತಲಿನ ಕಾಲೊನಿಗಳಲ್ಲಿ ಮೂರು ನುಡಿಗಳಲ್ಲಿ ವ್ಯವಹರಿಸುವುದು ಅಪರೂಪವೇನಲ್ಲ, ಮತ್ತು ಅವುಗಳಲ್ಲಿ ಎರಡನ್ನಾದರೂ ಜನ ಶಾಲೆಯ ಹಂಗಿಲ್ಲದೆ ಕಿವಿಯಿಂದಲೇ ಕಲಿತಿರುತ್ತಾರೆ. ಉರ್ದುವಿನ ಒಡನಾಟದಿಂದ ಇಂಗ್ಲಿಷಿನ ‘ಜ಼’ ಮತ್ತು ‘ಫ಼’ ಧ್ವನಿಗಳು ಅನೇಕರ ಬಾಯಿಗೆ ಮೊದಲೇ ಹತ್ತಿರುವುದು ಒಂದು ಲಾಭವಾದರೆ, ಪದದ ಯಾವ ಅಕ್ಷರಕ್ಕೆ ಒತ್ತು ಬೀಳಬೇಕೆಂಬ ಒಳತಿಳಿವು ಸುಲಭಕ್ಕೆ ಬಾರದಿರುವುದು ಉಳಿದಿರುವ ಕೊರತೆ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲವಾದ್ದರಿಂದ ಕಿವಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದು. ಅದನ್ನು ಪುಸ್ತಕ ಕಲಿಸಲಾರದು, ವಿಡಿಯೊ ಕಲಿಸೀತು.

ನೋಡುವುದೊಂದೇ ಸಾಲದು ಎಂಬುದಕ್ಕೂ ಗಟ್ಟಿಯಾದ ಪುರಾವೆಗಳಿವೆ. ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಿಗೆ ಕುಳಿತು ಆಟವಾಡಿಸಿದ ಚೀನೀ ಭಾಷಿಕರಿಂದ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗ್ರಹಿಸಿದವು, ಅದೇ ಜನರನ್ನು ಪರದೆಯ ಮೇಲೆ ಕಂಡ ಶಿಶುಗಳು ಗ್ರಹಿಸಲಿಲ್ಲ. ದೊಡ್ಡವರ ವಿಷಯ ಬೇರೆಯೆನ್ನಬಹುದು. ಆದರೆ ಕೆನಡಾದಲ್ಲಿ ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ಕೇಳಿ ತಿಳಿಯುವುದರಲ್ಲಿ ಮುಂದಿದ್ದು ಮಾತಿನಲ್ಲಿ ಹಿಂದುಳಿದದ್ದನ್ನು ಕಂಡ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್, ಬಾಯಿಬಿಟ್ಟು ಆಡದ ಹೊರತು ಭಾಷೆ ಪೂರ್ಣವಾಗದೆಂದು 1985ರಲ್ಲಿ ವಾದಿಸಿದರು. ಕರ್ನಾಟಕದ ನೆಲದಲ್ಲಿಯೇ ನಡೆದ ಪ್ರಯೋಗವೂ ಇಲ್ಲಿ ಪ್ರಸ್ತುತ: 1979ರಲ್ಲಿ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಆರಂಭವಾಗಿ, ಭಾಷಾ ಬೋಧನೆಯ ಜಗತ್ತಿನಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಯೋಜನೆಯಲ್ಲಿ, ಸಾಮಾನ್ಯ ಶಾಲೆಗಳ ಮಕ್ಕಳಿಗೆ ವ್ಯಾಕರಣ ಪಾಠದ ಬದಲು ನಕ್ಷೆ, ರೈಲಿನ ವೇಳಾಪಟ್ಟಿಗಳಂಥವನ್ನು ಮುಂದಿಟ್ಟು, ಇಂಗ್ಲಿಷಿನಲ್ಲಿ ಯೋಚಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಕೊಡಲಾಗುತ್ತಿತ್ತು. ವಾಡಿಯ ಶಾಲೆಗೆ ಇಂಥ ಪಾಠಕ್ಕೆ ಬೇಕಾದ ಸಾಮಗ್ರಿ ಊರ ನಿಲ್ದಾಣದ ಗೋಡೆಯ ಮೇಲೆಯೇ ಇದೆ.

ಬಳಸುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ನಿಮಿಷದ ವಿಡಿಯೊವನ್ನು ಮೊದಲು ಅಕ್ಷರಸಾಲು (ಸಬ್‌ಟೈಟಲ್) ಇಲ್ಲದೆ ನೋಡಿ, ಬಳಿಕ ಇಂಗ್ಲಿಷ್ ಅಕ್ಷರಸಾಲಿನೊಂದಿಗೆ ನೋಡಿ, ಬೇಕಾದಲ್ಲಿ ವೇಗ ತಗ್ಗಿಸಿ, ಕೊನೆಗೆ ದನಿ ಮುಚ್ಚಿ ಚಿತ್ರಕ್ಕೆ ತಾನೇ ಮಾತು ಕೊಡುವುದು ಇಡೀ ದಿನ ಹೊಸಹೊಸದನ್ನು ನೋಡುವುದಕ್ಕಿಂತ ಫಲಕಾರಿ. ಆಡುವ ಭಾಷೆಯಲ್ಲಿಯೇ ಅಕ್ಷರಸಾಲು ಕೊಟ್ಟರೆ ಓದು ಬಲಗೊಳ್ಳುತ್ತದೆಂಬುದನ್ನು ಅಹಮದಾಬಾದಿನ ಐಐಎಂನಲ್ಲಿ 1996ರಿಂದ ಬ್ರಿಜ್ ಕೊಠಾರಿ ಅವರು ಸಿನಿಮಾ ಹಾಡುಗಳ ಮೂಲಕ ತೋರಿಸುತ್ತಾ ಬಂದಿದ್ದಾರೆ. ಯಂತ್ರವೇ ಬರೆಯುವ ಸಾಲುಗಳಲ್ಲಿ ತಪ್ಪು ನುಸುಳುತ್ತದೆಂಬ ಎಚ್ಚರ ಮಾತ್ರ ಇರಬೇಕು.

ಎಚ್ಚರ ಹೆಚ್ಚಾಗಿ ಬೇಕಿರುವುದು ‘ವೆಲ್‌ನೆಸ್’ ಹೆಸರಿನ ವಿಡಿಯೊಗಳ ವಿಷಯದಲ್ಲಿ. ಅವುಗಳಲ್ಲಿ ಹಲವು ಯಾವುದೋ ಪುಡಿಯ ಮಾರಾಟಕ್ಕೆಂದೇ ಹುಟ್ಟಿದವು. ಸಕ್ಕರೆ ಕಾಯಿಲೆಯ ಗುಳಿಗೆ ಬಿಡುವಂತೆ ಸೊಗಸಾದ ಇಂಗ್ಲಿಷಿನಲ್ಲಿ ಹೇಳಿದ ಮಾತ್ರಕ್ಕೆ ಅದು ವೈದ್ಯಕೀಯ ಸಲಹೆಯಾಗದು. ಭಾಷೆಯನ್ನು ಪರದೆಯಿಂದ ಕಲಿತು ಔಷಧಿಯನ್ನು ದವಾಖಾನೆಯಿಂದ ತೆಗೆದುಕೊಳ್ಳುವುದೇ ಸರಿಯಾದ ವಿಂಗಡಣೆ. ಮೇಲಾಗಿ ಆ ವಿಡಿಯೊಗಳು ತೋರಿಸುವ ಬೆಳಗು ಓಟ್ಸ್, ಜಿಮ್, ಒಗ್ಗದ ಹಣ್ಣುಗಳ ಬೆಳಗು. ಜೋಳದ ರೊಟ್ಟಿ, ತೊಗರಿಯ ರಾಶಿ, ಕಲ್ಲಿನ ಧೂಳಿಗೆ ಮುಖಕ್ಕೆ ಕಟ್ಟುವ ಬಟ್ಟೆ, ಮೇ ತಿಂಗಳ ಬಿಸಿಲಿಗೆ ಓಆರ್‌ಎಸ್ ನೀರು ಇವುಗಳನ್ನು ಸರಳ ಇಂಗ್ಲಿಷಿನಲ್ಲಿ ಹೇಳುವ ವಿಡಿಯೊಗಳು ಈ ತಾಲ್ಲೂಕುಗಳಿಗೆ ಬೇಕಾಗಿವೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿರುವುದರಿಂದ, ಅಂಥ ಎರಡು ನಿಮಿಷದ ವಿಡಿಯೊವನ್ನು ಪ್ರೌಢಶಾಲೆಯ ಮಕ್ಕಳೇ ತಮ್ಮ ಅಡುಗೆಮನೆಯಲ್ಲಿ, ಹೊಲದಲ್ಲಿ ತೆಗೆದು, ಮಾತು ಬರೆದು, ತರಗತಿಯಲ್ಲಿ ತೋರಿಸಿ ತಿದ್ದಿಸಿಕೊಳ್ಳಬಹುದು. ಹಾಗೆ ಮಾಡಿದಾಗ ನೋಡುವುದು, ಆಡುವುದು, ಒಟ್ಟಿಗೆ ಚರ್ಚಿಸುವುದು ಮೂರೂ ಒಂದೇ ಪಾಠದಲ್ಲಿ ಕೂಡಿಬರುತ್ತವೆ.