ಸಣ್ಣ ಊರಿನ ಟೆಂಡರು, ಸೇರದ ಸಮಿತಿ

ಸಾರ್ವಜನಿಕ ಹಣದ ಅಪವ್ಯಯದ ಚರ್ಚೆ ನಡೆದಾಗಲೆಲ್ಲ ನಮ್ಮ ಗಮನ ನೂರಾರು ಕೋಟಿ ರೂಪಾಯಿಗಳ ಯೋಜನೆಗಳತ್ತ ಹರಿಯುವುದು ಸಹಜ. ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಪಟ್ಟಣ ಪಂಚಾಯಿತಿಯೊಂದು ಕಟ್ಟಿಸುವ ಚರಂಡಿ, ಹೂಳಿಸುವ ನೀರಿನ ಕೊಳವೆ, ಹಾಕಿಸುವ ಬೀದಿದೀಪಗಳ ಲೆಕ್ಕ ರಾಜಧಾನಿಯವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಆ ಊರಿನ ನಿವಾಸಿಯ ಪಾಲಿಗೆ ಸರ್ಕಾರವೆಂದರೆ ಬಹುಮಟ್ಟಿಗೆ ಇಷ್ಟೇ.

ಇಂಥ ವೆಚ್ಚಕ್ಕೆ ಶಿಸ್ತು ತರಲೆಂದೇ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ರೂಪುಗೊಂಡು 2000ರಲ್ಲಿ ಜಾರಿಗೆ ಬಂತು. ನೆರೆಯ ತಮಿಳುನಾಡು 1998ರಲ್ಲೇ ಇಂಥದೊಂದು ಕಾಯ್ದೆ ಮಾಡಿತ್ತು. ನಮ್ಮ ಮೂಲ ನಿಯಮಗಳು 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನಗಳ ಕಾಲಾವಕಾಶವನ್ನು ಕಡ್ಡಾಯಗೊಳಿಸಿದ್ದವು. ಅವಧಿ ಕಡಿತಗೊಳಿಸುವುದಾದರೆ ಮೇಲಧಿಕಾರಿಯ ಒಪ್ಪಿಗೆ ಪಡೆದು ಕಾರಣವನ್ನು ಬರಹದಲ್ಲಿ ದಾಖಲಿಸಬೇಕಿತ್ತು. ನಮೂನೆಗಳೇ ಸಿಗದಂತೆ ಮಾಡುವ, ಟೆಂಡರ್ ಪೆಟ್ಟಿಗೆಯ ಬಳಿ ಆಳುಗಳನ್ನು ನಿಲ್ಲಿಸಿ ಇತರರನ್ನು ಬೆದರಿಸುವ ಹಳೆಯ ಚಾಳಿ ಇ-ಟೆಂಡರ್ ಬಂದ ಮೇಲೆ ಬಹಳಷ್ಟು ತಗ್ಗಿತು. ಈ ಬದಲಾವಣೆಯನ್ನು ಕಣ್ಣಾರೆ ಕಂಡ ನಾನು ಅದನ್ನು ಲಘುವಾಗಿ ಕಾಣಲಾರೆ.

ಆದರೂ ಈ ಕಾಯ್ದೆಯ ಬೆಳಕು ಮುಖ್ಯವಾಗಿ ಬೀಳುವುದು ಟೆಂಡರ್ ಪ್ರಕಟಣೆಯಿಂದ ಅಂಗೀಕಾರದವರೆಗಿನ ಹಾದಿಯ ಮೇಲೆ. ಅದಕ್ಕೂ ಮೊದಲೇ ಅಂದಾಜುಪಟ್ಟಿ ಸಿದ್ಧವಾಗಿರುತ್ತದೆ. ಕಾಮಗಾರಿ ಒಂದೋ ಹತ್ತೋ ಎಂಬುದು ತೀರ್ಮಾನವಾಗಿರುತ್ತದೆ. ಅದರ ನಂತರ ಅಳತೆ ಪುಸ್ತಕ ಬರೆಯುವುದು, ಬಿಲ್ಲು ಪಾವತಿ. ನನ್ನ ಸೇವಾನುಭವದಲ್ಲಿ ಹಣ ಕೈತಪ್ಪುತ್ತಿದ್ದುದು ಹೆಚ್ಚಾಗಿ ಈ ಎರಡು ತುದಿಗಳಲ್ಲಿ.

ಬಯಲುಸೀಮೆಯ ಒಂದು ಸಣ್ಣ ಪಟ್ಟಣದ ಕಡತಗಳನ್ನು ತಪಾಸಣೆ ಮಾಡಿದ್ದು ನೆನಪಿದೆ. ಒಂದೇ ಬೀದಿಯುದ್ದಕ್ಕೂ ಹಾಕಬೇಕಾದ ನೀರಿನ ಕೊಳವೆಯನ್ನು ಹಲವು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡೂ ಟೆಂಡರ್ ವಿನಾಯಿತಿಯ ಮಿತಿಯೊಳಗೇ ನಿಲ್ಲುವಂತೆ ನೋಡಿಕೊಳ್ಳಲಾಗಿತ್ತು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಕಡತವೂ ಕ್ರಮಬದ್ಧ. ಸ್ಥಳಕ್ಕೆ ಹೋಗಿ ನೋಡಿದಾಗ ತುಂಡಿನಿಂದ ತುಂಡಿಗೆ ಕೊಳವೆಯ ಗಾತ್ರವೇ ಬೇರೆ. ಜೋಡಣೆಯ ಕಡೆಯಲ್ಲೆಲ್ಲ ಸೋರಿಕೆ. ಬೇಸಿಗೆಯಲ್ಲಿ ಬೀದಿಯ ಕೊನೆಯ ಮನೆಗಳಿಗೆ ಟ್ಯಾಂಕರೇ ಗತಿ. ನಡವಳಿ ಪುಸ್ತಕದಲ್ಲಿ ಮಾತ್ರ ಎಲ್ಲ ವಿಷಯಗಳೂ ‘ಸರ್ವಾನುಮತದಿಂದ ಅಂಗೀಕರಿಸಲ್ಪಟ್ಟಿದ್ದವು’. ಇದನ್ನು ಯಾವ ಗಣಕಯಂತ್ರವೂ ಹಿಡಿಯಲಾರದು. ಆ ಬೀದಿಯಲ್ಲಿ ಓಡಾಡುವ ನಾಲ್ಕು ಮಂದಿ ಎಲ್ಲ ಕಡತಗಳನ್ನೂ ಒಟ್ಟಿಗೆ ನೋಡಿದ್ದರೆ ಒಂದೇ ದಿನದಲ್ಲಿ ಹಿಡಿಯಬಹುದಿತ್ತು.

ಅರ್ಥಶಾಸ್ತ್ರವೂ ಇಲ್ಲಿ ಒಂದು ಪಾಠ ಹೇಳುತ್ತದೆ. ಹರಾಜು ಸಿದ್ಧಾಂತಕ್ಕಾಗಿ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ 2020ರಲ್ಲಿ ನೊಬೆಲ್ ಸ್ಮಾರಕ ಪ್ರಶಸ್ತಿ ಸಂದಿತು. ಇದೇ ಕ್ಷೇತ್ರದಲ್ಲಿ ಬುಲೊ ಮತ್ತು ಕ್ಲೆಂಪರರ್ 1996ರಲ್ಲಿ, ಕೆಲವು ಷರತ್ತುಗಳಿಗೆ ಒಳಪಟ್ಟು, ಚೌಕಾಶಿಯ ಜಾಣ್ಮೆಗಿಂತ ಹೆಚ್ಚುವರಿಯಾಗಿ ಬರುವ ಒಬ್ಬ ಸ್ಪರ್ಧಿ ಹೆಚ್ಚು ಪ್ರಯೋಜನಕಾರಿ ಎಂದು ತೋರಿಸಿಕೊಟ್ಟರು. ಗುತ್ತಿಗೆದಾರರೆಲ್ಲ ಪರಸ್ಪರ ಪರಿಚಿತರಾಗಿರುವ ಸಣ್ಣ ಊರಿಗೆ ಈ ಮಾತು ಇನ್ನಷ್ಟು ಅನ್ವಯ. ಕೆಲಸವನ್ನು ತುಂಡರಿಸಿದರೆ ಹೊರಗಿನ ಸ್ಪರ್ಧಿ ಬರುವುದಿಲ್ಲ. ಅರ್ಹತೆಯ ಷರತ್ತನ್ನು ಒಬ್ಬರ ಅಳತೆಗೆ ಹೊಲಿದರೆ ಒಳಗಿನವನೂ ಬರುವುದಿಲ್ಲ. ಇವೆರಡೂ ನಿರ್ಧಾರವಾಗುವುದು ಪ್ರಕಟಣೆಗೆ ಮುನ್ನ.

ಆ ಹಂತದಲ್ಲಿ ಪ್ರಶ್ನೆ ಕೇಳಬೇಕಾದವರು ಯಾರು? 1964ರ ಪೌರಸಭೆಗಳ ಕಾಯ್ದೆಯಲ್ಲಿ ಸ್ಥಾಯಿ ಸಮಿತಿಗೆ ಅವಕಾಶವಿದೆ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೆ ಉತ್ಪಾದನೆ, ಸಾಮಾಜಿಕ ನ್ಯಾಯ ಮತ್ತು ಸೌಕರ್ಯಗಳಿಗಾಗಿ ಮೂರು ಸಮಿತಿಗಳನ್ನು ವಿಧಿಸಿದೆ. ಆದರೆ ಸಮಿತಿ ಸೇರಬೇಕಾದರೆ ಮೊದಲು ಆಡಳಿತ ಮಂಡಳಿ ಇರಬೇಕು. 2018ರ ಆಗಸ್ಟ್ ಅಂತ್ಯದಲ್ಲಿ ರಾಜ್ಯದ ಅನೇಕ ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ 2020ರ ಕೊನೆಯವರೆಗೂ ಗೆದ್ದವರಿಗೆ ಅಧಿಕಾರ ಸಿಗಲಿಲ್ಲ. ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಈ ಎರಡೂ ಅವಧಿಗಳಲ್ಲಿ ಆಡಳಿತಾಧಿಕಾರಿಗಳೇ ಕಾರಭಾರ ನಡೆಸಿದರು. ಹತ್ತಾರು ಹೊಣೆಗಳ ನಡುವೆ ಇದನ್ನೂ ಹೊತ್ತ ಕಂದಾಯ ಅಧಿಕಾರಿಯೊಬ್ಬ ಅಂದಾಜುಪಟ್ಟಿಯ ಸಾಲುಸಾಲನ್ನೂ ಓದುವನೆಂದು ನಿರೀಕ್ಷಿಸಲಾಗದು.

ಸದಸ್ಯರೇ ಬೇನಾಮಿ ಗುತ್ತಿಗೆದಾರರಾಗಿರುವಾಗ ಸಮಿತಿಯಿಂದೇನು ಫಲ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಹಿತಾಸಕ್ತಿ ಉಳ್ಳ ಸದಸ್ಯ ಅನರ್ಹನಾಗುತ್ತಾನೆಂದು ಕಾನೂನು ಹೇಳಿದರೂ ಆಚರಣೆ ಸಡಿಲ. ಆದರೆ ಬೇರೆ ಬೇರೆ ವಾರ್ಡು, ಬೇರೆ ಬೇರೆ ಪಕ್ಷದವರು ಒಂದೇ ಮೇಜಿನ ಸುತ್ತ ಕುಳಿತಾಗ ಒಬ್ಬರ ಸ್ವಾರ್ಥ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಒಂಟಿ ಸಹಿಗೆ ಆ ಅಂಕೆ ಇರುವುದಿಲ್ಲ.

ಮಾಡಬೇಕಾದ್ದು ದುಬಾರಿಯದೇನಲ್ಲ. ವರ್ಷದ ಎಲ್ಲ ಕಾಮಗಾರಿಗಳ ಪಟ್ಟಿ ಒಟ್ಟಾಗಿ, ಆರಂಭದಲ್ಲೇ ಸಮಿತಿಯ ಮುಂದೆ ಬರಲಿ. ತುಂಡರಿಸಿದ್ದು ಆಗ ತಾನಾಗಿ ಎದ್ದು ಕಾಣುತ್ತದೆ. ಕೊನೆಯ ಬಿಲ್ಲಿಗೆ ಮುನ್ನ ಸಮಿತಿ ಸ್ಥಳಕ್ಕೆ ಹೋಗಲಿ. ತಾಂತ್ರಿಕ ಹೊಣೆ ಎಂಜಿನಿಯರರದೇ ಆಗಿರಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ 2005ರಿಂದಲೇ ದಾಖಲೆಗಳನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಲು ಹೇಳುತ್ತಿದೆ. ಅದರ ಆಶಯದಂತೆ ಅಂದಾಜುಪಟ್ಟಿ ಮತ್ತು ಅಳತೆಯ ವಿವರ ಕನ್ನಡದಲ್ಲಿ ಆಯಾ ವಾರ್ಡಿನಲ್ಲೇ ತೂಗುಹಾಕಲ್ಪಡಲಿ. ಎಲ್ಲಕ್ಕಿಂತ ಮಿಗಿಲಾಗಿ, ಎರಡೂ ಅವಧಿಗಳ ಮೀಸಲಾತಿ ಪಟ್ಟಿ ಚುನಾವಣೆಗೆ ಮೊದಲೇ ಅಂತಿಮಗೊಳ್ಳಲಿ.

ಮೀಸಲಾತಿ ಪಟ್ಟಿಯ ವಿಳಂಬವನ್ನು ರಾಜಕಾರಣಿಗಳ ಕುರ್ಚಿ ಜಗಳವೆಂದು ಬಗೆದು ನಾವು ಸುಮ್ಮನಿರುತ್ತೇವೆ. ಕುರ್ಚಿ ಖಾಲಿಯಿದ್ದ ಆ ತಿಂಗಳುಗಳಲ್ಲೂ ಕಾಮಗಾರಿಗಳು ನಡೆದವು, ಬಿಲ್ಲುಗಳು ಪಾವತಿಯಾದವು. ಊರಿನ ಪರವಾಗಿ ಅವನ್ನು ಓದುವ ಅಧಿಕಾರ ಮಾತ್ರ ಊರಿನವರು ಆರಿಸಿದ ಯಾರ ಕೈಯಲ್ಲೂ ಇರಲಿಲ್ಲ.